ಒಪ್ಪಿಗೆ ಪತ್ರದ ತಾರೀಕು

ಮೂವತ್ತೊಂದು ತುಂಬಿ, ಹೆಸರಿಗೊಂದು ಡಾಕ್ಟರ್ ಅಂಟಿಸಿಕೊಳ್ಳುವುದರಲ್ಲಿದ್ದರೂ ಮನೆಯಲ್ಲಿ ಅವಳು ಪುಟ್ಟಿಯೇ. ಹಾಗೆ ಕರೆದು ರೂಢಿ ಮಾಡಿದವರು ಅತ್ತಿಗೆ. ಅಮ್ಮ ತೀರಿಕೊಂಡ ವರ್ಷವೇ ಅಣ್ಣನನ್ನು ಮದುವೆಯಾಗಿ ಬಂದ ಅವರು, ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಮುಗಿಸಿ ಬಂದ ಕೈಯಲ್ಲೇ ಒಂಬತ್ತು ವರ್ಷದ ನಾದಿನಿಯ ತಲೆ ಬಾಚುತ್ತಿದ್ದರು, ಹೇನು ಹೆಕ್ಕುತ್ತಿದ್ದರು, ಮಗ್ಗಿ ಒಪ್ಪಿಸಿಕೊಳ್ಳುತ್ತಿದ್ದರು. ಇಂಥವರಿಗೆ ಏನು ಮಾಡಿದಳು ಪುಟ್ಟಿ ಎನ್ನುವುದೇ ಈ ಕಥೆ.

ಅವಳ ಸಂಶೋಧನೆಯ ಹೆಸರು ಒಂದೂವರೆ ಸಾಲು ಉದ್ದ. ಬಿಡಿಸಿ ಹೇಳಿದರೆ ಇಷ್ಟೇ: ಆಸ್ಪತ್ರೆಗೆ ಹೊಸ ಕಂಪ್ಯೂಟರ್ ವ್ಯವಸ್ಥೆ ಕಟ್ಟುವ ಮೊದಲು, ದಿನಾ ಅದನ್ನು ಬಳಸುವವರಿಗೆ ನಿಜಕ್ಕೂ ಏನು ಬೇಕು ಎಂದು ಅವರ ಬಾಯಿಂದಲೇ ಕೇಳಿ ತಿಳಿಯುವುದು. ಅಂಕಿಸಂಖ್ಯೆಯ ಗೊಡವೆಯಿಲ್ಲ, ಮಾತು ಬೇಕು. "ಜನ ಹೇಳೋದು ಒಂದು, ಮಾಡೋದು ಇನ್ನೊಂದು. ಅದೆರಡರ ನಡುವಿನ ಸಂದಿಯಲ್ಲಿದೆ ನಿಮ್ಮ ಪ್ರಬಂಧ" ಎಂದು ಅವಳ ಗೈಡ್ ಆಗಾಗ ಹೇಳುತ್ತಿದ್ದರು.

ಆ ಸಂದಿ ಸಿಕ್ಕಿದರೆ ತಾನೆ? ಮಾತಾಡಲು ಒಪ್ಪಿದ್ದೇವೆ ಎಂಬ ಪತ್ರಕ್ಕೆ ಸಹಿ ಹಾಕಿಸಿಕೊಂಡು ರೆಕಾರ್ಡರ್ ಮೇಜಿನ ಮೇಲಿಟ್ಟ ಕೂಡಲೇ ನರ್ಸ್‌ಗಳೆಲ್ಲ ಗಿಳಿಪಾಠ ಒಪ್ಪಿಸುತ್ತಿದ್ದರು. ವ್ಯವಸ್ಥೆ ಚೆನ್ನಾಗಿದೆ ಮೇಡಂ, ಮಾತ್ರೆ ಕೊಟ್ಟ ತಕ್ಷಣ ಕಂಪ್ಯೂಟರ್‌ಗೆ ಹಾಕ್ತೀವಿ ಮೇಡಂ, ತೊಂದರೆ ಏನೂ ಇಲ್ಲ ಮೇಡಂ. ನಾಲ್ಕನೆಯವರಂತೂ ಬಾಗಿಲಲ್ಲೇ ನಿಂತು, ನನಗೆ ಇದೆಲ್ಲ ಬೇಡ ಎಂದು ವಾಪಸು ಹೋದರು. ಹನ್ನೊಂದು ಜನರ ಮಾತು ಬರೆದಿಟ್ಟರೂ ಒಂದು ಸಾಲಿನಲ್ಲೂ ಉಪ್ಪು ಖಾರ ಇರಲಿಲ್ಲ. ಅತ್ತಿಗೆ ಅದೇ ಆಸ್ಪತ್ರೆಯ ಮೂರನೇ ವಾರ್ಡಿನಲ್ಲಿ ಹದಿನಾರು ವರ್ಷದಿಂದ ಇದ್ದವರು. ಆದರೆ ಮನೆಯವರನ್ನು ಸಂದರ್ಶಿಸುವುದು ಸರಿಯಲ್ಲವೆಂದು ಪುಟ್ಟಿ ಅವರನ್ನು ಕೇಳಿರಲಿಲ್ಲ. ಅಷ್ಟರ ಮಟ್ಟಿಗೆ ಅವಳು ಪ್ರಾಮಾಣಿಕಳು.

ಒಂದು ಭಾನುವಾರ ಮಧ್ಯಾಹ್ನ ಇಬ್ಬರೂ ಮಂಚದ ಮೇಲೆ ಕೂತು ಒಣಗಿದ ಬಟ್ಟೆ ಮಡಚುತ್ತಿದ್ದರು. ಅಣ್ಣನ ಬನಿಯನ್ನಿನ ತೂತಿಗೆ ಬೆರಳು ತೂರಿಸಿ ನಗುತ್ತ ಅತ್ತಿಗೆ ಕೇಳಿದರು. "ಏನಂತಾರೆ ನಮ್ಮ ಹುಡುಗೀರು?"

"ಎಲ್ಲಾ ಚೆನ್ನಾಗಿದೆಯಂತೆ ಅತ್ತಿಗೆ. ಎಂಟು ಗಂಟೆ ಮಾತ್ರೆ ಎಂಟಕ್ಕೇ ಕೊಡ್ತಾರಂತೆ."

"ಎಂಟಕ್ಕೇ ಕೊಡೋಕೆ ನಾವೇನು ಗೋಡೆ ಗಡಿಯಾರನಾ ಪುಟ್ಟಿ? ಇಪ್ಪತ್ತಾರು ಹಾಸಿಗೆ, ಇಬ್ಬರು ನಾವು. ಕಂಪ್ಯೂಟರ್ ಇರೋದು ಆ ಮೂಲೇಲಿ. ಪ್ರತಿ ಸಲ ಓಡಿಹೋಗಿ ಕುಟ್ಟಿ ಬರೋದಕ್ಕೆ ಕಾಲು ಬಾಡಿಗೆಗೆ ತರಬೇಕು. ಕೊಟ್ಟ ಹಾಗೆ ಚೀಟೀಲಿ ಗುರುತು ಹಾಕ್ಕೋತೀವಿ. ಹತ್ತಕ್ಕೆ ಕೂತು ಎಲ್ಲಾದಕ್ಕೂ ಎಂಟು ಅಂತ ಕುಟ್ಟಿಬಿಡ್ತೀವಿ. ಕಂಪ್ಯೂಟರ್‌ಗೂ ಸಮಾಧಾನ, ಮೇಟ್ರನ್‌ಗೂ ಸಮಾಧಾನ."

ಪುಟ್ಟಿ ನಕ್ಕಳು. ಕೈಯಲ್ಲಿದ್ದ ದಿಂಬಿನ ಚೀಲವನ್ನು ಅರ್ಧ ಮಡಚಿದಲ್ಲಿಗೇ ಬಿಟ್ಟು, ನೀರು ಕುಡಿದು ಬರುತ್ತೇನೆಂದು ಕೋಣೆಗೆ ಹೋಗಿ, ಕೇಳಿದ್ದನ್ನು ಒಂದಕ್ಷರ ತಪ್ಪದಂತೆ ಬರೆದಿಟ್ಟಳು. ಖಾಲಿ ಬಿದ್ದಿದ್ದ ನಾಲ್ಕನೇ ಜಾಗ ತುಂಬಿತು. ಅತ್ತಿಗೆ 'ಮಾಹಿತಿದಾರರು ೪' ಆದರು. ಹೆಸರಿಲ್ಲ, ವಾರ್ಡಿಲ್ಲ, ಇನ್ನೇನು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಹೇಳಬೇಕಾದವರಿಗೆ ಮಾತ್ರ ಹೇಳಲಿಲ್ಲ.

ಆ ನಾಲ್ಕು ಸಾಲಿನ ಸುತ್ತ ಅವಳು ಒಂದು ಅಧ್ಯಾಯವನ್ನೇ ಕಟ್ಟಿದಳು. ತಪ್ಪು ನರ್ಸ್‌ಗಳದ್ದಲ್ಲ, ಹಾಸಿಗೆಯ ಪಕ್ಕದಲ್ಲೇ ಬರೆಯುವ ಅನುಕೂಲ ಬೇಕು, ತಡವಾದರೆ ತಡವೆಂದೇ ಬರೆಯುವ ಧೈರ್ಯ ಬೇಕು ಎಂದು ಆರು ಪುಟ ವಾದಿಸಿದಳು. ಗೈಡ್ ಬೆನ್ನು ತಟ್ಟಿದರು. ಆಸ್ಪತ್ರೆಯವರು ವರದಿ ತರಿಸಿಕೊಂಡು, ಬಂದು ವಿವರಿಸಿ ಎಂದು ಕರೆದರು.

ಸಭೆಯ ಕೋಣೆಯಲ್ಲಿ ಎಂಟು ಜನರಿದ್ದರು. ಆರು ಪುಟದ ವಾದವನ್ನು ಒಬ್ಬರೂ ಓದಿರಲಿಲ್ಲ. ಆಡಳಿತಾಧಿಕಾರಿ ಕನ್ನಡಕ ಏರಿಸಿ ಆ ನಾಲ್ಕು ಸಾಲನ್ನು ಮಾತ್ರ ಗಟ್ಟಿಯಾಗಿ ಓದಿದರು. ಗೋಡೆ ಗಡಿಯಾರದ ಮಾತು ಬಂದಾಗ ಇಬ್ಬರು ಕಿಸಕ್ಕನೆ ನಕ್ಕರು. ಹದಿನಾರು ವರ್ಷ ಕೇಳಿದ ಮಾತಿನ ವರಸೆ ಯಾರಿಗೆ ಗುರುತು ಸಿಗುವುದಿಲ್ಲ? ಮೇಟ್ರನ್ ನಗಲಿಲ್ಲ. "ಇದು ಮೂರನೇ ವಾರ್ಡಿನ ಸೀನಿಯರ್ ಸಿಸ್ಟರ್ ಹೇಳಿದ್ದು ಅಲ್ವಾ?" ಎಂದು ನೇರವಾಗಿ ಕೇಳಿದರು.

ಅದನ್ನು ಹೇಳುವಂತಿಲ್ಲ ಎನ್ನಬಹುದಿತ್ತು. ಅಲ್ಲ ಎಂದು ಸುಳ್ಳನ್ನೇ ಹೇಳಬಹುದಿತ್ತು. ಪುಟ್ಟಿ ತಲೆ ತಗ್ಗಿಸಿದಳು. ತಲೆ ತಗ್ಗಿಸಿದರೆ ಹೌದು ಎಂದೇ ಅರ್ಥ, ಅಷ್ಟು ಎಲ್ಲರಿಗೂ ಗೊತ್ತಿತ್ತು.

ಅತ್ತಿಗೆಯನ್ನು ವಾರ್ಡಿನಿಂದ ತೆಗೆದು ಬಟ್ಟೆ ಉಗ್ರಾಣಕ್ಕೆ ಹಾಕಿದರು. ಹೊದಿಕೆ ಎಷ್ಟು ಹೋಯಿತು, ಎಷ್ಟು ಬಂತು ಎಂದು ಎಣಿಸುವ ಕೆಲಸ. ಮನೆಗೆ ಬಂದ ಅತ್ತಿಗೆ "ಕಾಲು ನೋವಿಗೆ ಒಳ್ಳೇದೇ ಆಯ್ತು, ಕೂತ್ಕೊಂಡು ಮಾಡೋ ಕೆಲಸ" ಎಂದರು. ಅಣ್ಣ ನಂಬಿದ. ಪುಟ್ಟಿಗೆ ನಿಜ ಗೊತ್ತಿತ್ತು. ಈಗ ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದು ಹತ್ತು ದಿನ ಅವರ ಮುಖ ತಪ್ಪಿಸಿಕೊಂಡು ಓಡಾಡಿದಳು. ಅತ್ತಿಗೆಗೆ ಗೊತ್ತಿದೆಯೋ ಇಲ್ಲವೋ ಎನ್ನುವುದೂ ಅವಳಿಗೆ ತಿಳಿಯಲಿಲ್ಲ.

ಹನ್ನೊಂದನೇ ದಿನ ಗೈಡ್ ಫೋನ್ ಮಾಡಿದರು. "ಕಡತದಲ್ಲಿ ನಾಲ್ಕನೆಯವರ ಒಪ್ಪಿಗೆ ಪತ್ರವೇ ಇಲ್ಲವಲ್ಲ. ಎಲ್ಲಿ ಇಟ್ಟಿದ್ದೀರಿ? ಬುಧವಾರದೊಳಗೆ ಕೊಡಿ. ಇಲ್ಲದಿದ್ದರೆ ಆ ಅಧ್ಯಾಯ ತೆಗೀಬೇಕಾಗುತ್ತೆ." ಅಧ್ಯಾಯ ಹೋದರೆ ಪ್ರಬಂಧದಲ್ಲಿ ಉಳಿಯುವುದು ಗಿಳಿಪಾಠ ಮಾತ್ರ, ಐದು ವರ್ಷ ನೀರುಪಾಲು. ಅತ್ತಿಗೆಯ ಎದುರು ಬಾಯಿ ಬಿಡಲು ಹತ್ತು ದಿನ ಬಾರದ ಧೈರ್ಯ ಪುಟ್ಟಿಗೆ ಅದೇ ಸಂಜೆ ಬಂತು. ಇದನ್ನು ಬರೆಯುವುದಕ್ಕೂ ನಾಚಿಕೆ.

ಅತ್ತಿಗೆ ಅಡುಗೆಮನೆಯಲ್ಲಿ ಬಟಾಣಿ ಸುಲಿಯುತ್ತಿದ್ದರು. ಪುಟ್ಟಿ ಕಾಗದ ಮುಂದಿಟ್ಟು, ನಡೆದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದಳು. ಅವರು ಸುಲಿಯುವುದನ್ನು ನಿಲ್ಲಿಸಲಿಲ್ಲ.

"ಗೊತ್ತು" ಎಂದರು. "ಮೇಟ್ರನ್ ನನ್ನ ಕೈಗೇ ಕೊಟ್ಟು ಓದಿಸಿದ್ರು. ಗೋಡೆ ಗಡಿಯಾರ ಅಂತ ಓದಿದಾಗ್ಲೇ, ನಮ್ಮ ಮಂಚದ ಮೇಲೆ ಆಡಿದ ಮಾತು ಇದು ಅಂದ್ಕೊಂಡೆ."

"ಮತ್ತೆ ನನ್ನನ್ನ ಯಾಕೆ ಕೇಳ್ಲಿಲ್ಲ ಅತ್ತಿಗೆ?"

"ನೀನಾಗೇ ಹೇಳ್ತೀಯೇನೋ ಅಂತ ಇದ್ದೆ."

ಕೈ ಒರೆಸಿಕೊಂಡು, ಕನ್ನಡಕ ತರಿಸಿಕೊಂಡು, ಹನ್ನೊಂದು ಜನ ಓದದೆ ಸಹಿ ಹಾಕಿದ್ದ ಆ ಪತ್ರವನ್ನು ಅವರು ಮೊದಲ ಸಾಲಿನಿಂದ ಓದಿದರು. ಒಂದು ಕಡೆ ಬೆರಳು ನಿಂತಿತು. "'ಯಾವುದೇ ಸಮಯದಲ್ಲಿ ಅಧ್ಯಯನದಿಂದ ಹಿಂದೆ ಸರಿಯುವ ಹಕ್ಕು ನನಗಿರುತ್ತದೆ.' ಈಗ ಸರೀಬಹುದಾ ಪುಟ್ಟಿ?"

ಹೌದು ಎನ್ನಲು ಒಂದು ಕ್ಷಣ ಸಾಕಿತ್ತು. ಪುಟ್ಟಿ ನೆಲ ನೋಡುತ್ತ, "ಈಗ ಕಷ್ಟ ಆಗುತ್ತೆ ಅತ್ತಿಗೆ" ಎಂದಳು.

ಅವರು ತಲೆಯಾಡಿಸಿ ಸಹಿ ಹಾಕಿದರು. "ತಾರೀಕು?"

"ಇವತ್ತಿಂದು ಬೇಡ. ನಾವು ಮಾತಾಡಿದ ದಿನದ್ದು. ಮೂರು ತಿಂಗಳ ಹಿಂದಿಂದು."

ಅತ್ತಿಗೆ ಪೆನ್ನು ಕೆಳಗಿಟ್ಟರು. ಬೈಯಲಿಲ್ಲ, ದನಿ ಏರಿಸಲಿಲ್ಲ. ಹಿಂದೆ ಮಗ್ಗಿ ತಪ್ಪಿದಾಗ ತಿದ್ದುತ್ತಿದ್ದ ದನಿಯಲ್ಲೇ ಹೇಳಿದರು. "ಅದನ್ನ ನೀನೇ ಬರ್ಕೋ. ನಾನೂ ಸುಳ್ಳು ಟೈಮ್ ಬರೀತಿದ್ದೆ, ಇಲ್ಲ ಅನ್ನಲ್ಲ. ಆದ್ರೆ ಕೊಟ್ಟ ಮಾತ್ರೆಗೆ ಬರೀತಿದ್ದೆ ಪುಟ್ಟಿ. ಕೊಡದೆ ಇರೋದಕ್ಕೆ ಒಂದು ದಿನಾನೂ ಬರೀಲಿಲ್ಲ."

ಮತ್ತೆ ಬಟಾಣಿಯ ಕಡೆ ತಿರುಗಿದರು. ಪುಟ್ಟಿ ಪೆನ್ನು ಎತ್ತಿಕೊಂಡಳು. ಅಳು ಬಂದಿತ್ತು, ಕಣ್ಣು ಮಂಜಾಗಿತ್ತು. ಆದರೂ ಆ ಭಾನುವಾರದ ತಾರೀಕನ್ನು, ಅತ್ತಿಗೆಯ ಅಕ್ಷರದ ಹಾಗೇ ಸ್ವಲ್ಪ ಓರೆಯಾಗಿ, ಒಂದೂ ಅಂಕಿ ತಪ್ಪದಂತೆ ಬರೆದಳು.