ಬ್ರೇಕಿನ ಮೇಲಿನ ಕಾಲು

ನಾನು ಒಂದು ಕಂಪ್ಯೂಟರ್ ಪೆಟ್ಟಿಗೆ. ಅಂಗಡಿಯವರು ಕ್ಯಾಬಿನೆಟ್ ಎನ್ನುತ್ತಾರೆ. ಹೆಸರು ದೊಡ್ಡದು, ಹೊಟ್ಟೆ ಖಾಲಿ. ತಗಡು ಮಡಚಿ, ತೂತು ಕೊರೆದು, ಒಂದು ಪಕ್ಕಕ್ಕೆ ಗಾಜು ಕೂರಿಸಿ ನನ್ನನ್ನು ಮಾಡಿದರು. ಆ ಗಾಜಿನ ಬಗ್ಗೆ ನನಗೆ ಸ್ವಲ್ಪ ಜಂಬವಿತ್ತು, ಸುಳ್ಳೇಕೆ ಹೇಳಲಿ.

ಹೊಸಪೇಟೆಯ ಅಂಗಡಿಯಲ್ಲಿ ನನ್ನನ್ನು ಕೊಂಡವಳು ರವಿಕೆ ಹೊಲಿಯುವ ನೀಲಾಂಬಿಕೆ. ಕುತ್ತಿಗೆಯಲ್ಲಿದ್ದ ಟೇಪು ತೆಗೆದು ನನ್ನ ಒಳಗನ್ನು ಅಳೆದಾಗ ಅಂಗಡಿಯವನು ನಕ್ಕುಬಿಟ್ಟ.

"ನಗಬ್ಯಾಡ್ರಿ. ಗ್ರಾಫಿಕ್ಸ್ ಕಾರ್ಡು ಉದ್ದ ಐತಿ. ಹಿಡಿಸಲಿಲ್ಲ ಅಂದ್ರ ಇದನ್ನ ಬಿಚ್ಚಿ ಹೊಲಿಯಾಕ ಬರಂಗಿಲ್ಲ," ಎಂದಳು.

ಆಟದ ಕಂಪ್ಯೂಟರು ಅವಳಿಗಲ್ಲ, ಅಪ್ಪ ಕೊಟ್ರಬಸಪ್ಪನಿಗೆ. ಆತ ಬಸ್ ಡ್ರೈವರಾಗಿದ್ದ. ಸಂಡೂರಿನ ಏರು ಹತ್ತುವಾಗ ಕಣ್ಣಿಗೆ ಕತ್ತಲೆ ಕವಿದು, ಮೈಯ ಬಲಭಾಗ ಬಿದ್ದುಹೋಗಿತ್ತು. ಎಡಗಾಲಿನಿಂದ ಬ್ರೇಕ್ ಒತ್ತಿ ಬಸ್ಸು ನಿಲ್ಲಿಸಿದ್ದ. ಒಳಗಿದ್ದ ಯಾರಿಗೂ ಒಂದು ಗೀರು ಸಹ ಆಗಲಿಲ್ಲ. ಆದರೂ "ಊರು ಮುಟ್ಟಿಸಲಿಲ್ಲ" ಎಂಬ ಕೊರಗು ಅವನನ್ನು ತಿನ್ನುತ್ತಿತ್ತು. ಬಸ್ ಓಡಿಸುವ ಆಟದಲ್ಲಾದರೂ ಅಪ್ಪ ಒಮ್ಮೆ ಕೊನೆಯ ಸ್ಟಾಪ್ ಮುಟ್ಟಲಿ ಎಂದು ಮಗಳು ಹಟ ಹಿಡಿದಿದ್ದಳು.

ಬಟ್ಟೆಗೆ ಲೈನಿಂಗ್ ಹೊಂದಿಸುವ ಹಾಗೆ ಒಂದೊಂದೇ ಭಾಗ ಹೊಂದಿಸಿದಳು. ಪ್ರೊಸೆಸರ್ ಕೂರುವ ಮದರ್‌ಬೋರ್ಡು, ಬೋರ್ಡು ಒಪ್ಪುವ ಮೆಮೊರಿ, ನನ್ನೊಳಗೆ ಹಿಡಿಸುವ ಕಾರ್ಡು. ಎಲ್ಲರಿಗೂ ಕರೆಂಟ್ ಹಂಚುವ ಕರಿ ಡಬ್ಬಿಯೊಂದನ್ನು ಮಾತ್ರ ಅಂಗಡಿಯವನ ಮಾತು ನಂಬಿ ತಂದಳು.

"ಎಕ್ಸಿಲೇಟರು ಕೈಯಾಗ ಇರ್ಲಿ. ಬ್ರೇಕು ಕಾಲಾಗ ಬೇಕು," ಎಂದ ಅಪ್ಪ. ಆಟದ ಸ್ಟೇರಿಂಗಿನಲ್ಲೇ ಎಕ್ಸಿಲೇಟರಿನ ಗುಂಡಿ, ಮೇಜಿನ ಕೆಳಗೆ ಎಡಗಾಲಿಗೆ ಸಿಗುವಂತೆ ಬ್ರೇಕ್ ಪೆಡಲ್ಲು, ಹಾಗೇ ಮಾಡಿದಳು.

ನನ್ನ ಜಾಗ ಮೇಜಿನ ಕೆಳಗೆ. ಅಲ್ಲಿಂದ ನನಗೆ ಹೆಚ್ಚಾಗಿ ಕಾಣುತ್ತಿದ್ದದ್ದು ಮನುಷ್ಯರ ಕಾಲು. ಸ್ಟೇರಿಂಗ್ ಮುಟ್ಟಿ ನಮಸ್ಕರಿಸಿ, ನನ್ನ ಮುಂದೆ ನಿಂಬೆಹಣ್ಣು ಇಡಿಸಿ ಕೊಟ್ರಬಸಪ್ಪ ಬಸ್ಸು ಹೊರಡಿಸಿದ. ಪ್ರತಿ ಸ್ಟಾಪಿನಲ್ಲೂ ಅವನ ಎಡಗಾಲು ಎಷ್ಟು ಮೆತ್ತಗೆ ಬ್ರೇಕ್ ಒತ್ತುತ್ತಿತ್ತು! ಘಾಟಿ ಬಂತು. ಗುಡ್ಡ, ಗಿಡ, ತಿರುವುಗಳನ್ನು ಬಿಡಿಸಿ ತೋರಿಸಲು ಕಾರ್ಡು ಹೆಚ್ಚು ಕರೆಂಟ್ ಎಳೆಯಿತು, ಡಬ್ಬಿಯ ಕೈಲಾಗಲಿಲ್ಲ. ನನ್ನ ದೀಪಗಳೆಲ್ಲ ಆರಿದವು. ಪರದೆ ಕಪ್ಪಾಯಿತು.

ಅವನ ಕಾಲು ಬ್ರೇಕನ್ನು ಕಚ್ಚಿ ಹಿಡಿಯಿತು. ಬೆರಳುಗಳು ಬಿಳಿಚಿಕೊಂಡವು.

"ಅಪ್ಪಾ, ಡಬ್ಬಿ ಸಾಲಲಿಲ್ಲ ಅಷ್ಟ. ನಿನಗೇನೂ ಆಗಿಲ್ಲ. ಕಾಲು ತೆಗಿ."

"ತಡಿಯವ್ವ. ಮಂದಿ ಇಳೀಲಿ."

ಮರುದಿನವೇ ದೊಡ್ಡ ಡಬ್ಬಿ ಬಂತು. ಮತ್ತೆಂದೂ ನಾನು ನಡುವೆ ಆರಲಿಲ್ಲ. ನಿಲ್ಲುತ್ತಿದ್ದವನು ಅವನು. ಸಂಜೆ ಉತ್ಸಾಹದಿಂದ ಹೊರಡುವನು, ಏರು ಬಂದ ಕೂಡಲೇ ಬ್ರೇಕ್ ಒತ್ತಿ ಕೂತುಬಿಡುವನು. ಮಗಳು ಆಟದಲ್ಲಿ ಬೇರೆ ದಾರಿ ಹಾಕಿಕೊಟ್ಟಳು. ಅಲ್ಲೂ ಒಂದು ಏರು ಇದ್ದೇ ಇರುತ್ತಿತ್ತು.

"ಇನ್ನೊಂದು ಸ್ವಲ್ಪ ದೂರ ಅಪ್ಪಾ, ಸ್ಟಾಪು ಕಾಣಾಕತ್ತೈತಿ ನೋಡು," ಎಂದು ಬೇಡುತ್ತಿದ್ದಳು.

"ಮಂದಿ ಇಳೀಲಿ," ಎನ್ನುತ್ತಿದ್ದ.

ಟೇಪಿಗೆ ಸಿಗುವುದನ್ನೆಲ್ಲ ಅವಳು ಅಳೆದಿದ್ದಳು. ಆ ಕಾಲಿನೊಳಗಿದ್ದ ಭಯ ಎಷ್ಟುದ್ದವೆಂದು ಯಾರು ಅಳೆಯಬೇಕಿತ್ತು?

ಒಂದು ಚಳಿಗಾಲ ಆ ಕಾಲು ಮೇಜಿನ ಕೆಳಗೆ ಬರುವುದು ನಿಂತಿತು. ಕೊಟ್ರಬಸಪ್ಪ ಕೊನೆಯ ಸ್ಟಾಪ್ ಮುಟ್ಟದೆಯೇ ಹೋಗಿಬಿಟ್ಟ. ಕಾರ್ಡು, ಬೋರ್ಡು, ಡಬ್ಬಿ ಬೇರೆ ಬೇರೆ ಕಂಪ್ಯೂಟರುಗಳಿಗೆ ಹೊಂದಿಕೊಂಡು ಹೊರಟುಹೋದವು. ನಾನು ಹೊಲಿಗೆ ಯಂತ್ರದ ಪಕ್ಕದ ಮೂಲೆ ಸೇರಿದೆ. ಹೊಟ್ಟೆಯಲ್ಲಿ ಚೂರು ಬಟ್ಟೆ, ಅವುಗಳ ಅಡಿಯಲ್ಲಿ ಆ ಬ್ರೇಕ್ ಪೆಡಲ್ಲು.

ಇವತ್ತು ಅವಳು ಗುಜರಿಯವನನ್ನು ಕರೆದಳು. ನನ್ನನ್ನು ಖಾಲಿ ಮಾಡುವಾಗ ಪೆಡಲ್ಲು ಕೈಗೆ ಸಿಕ್ಕಿತು. ಅದನ್ನು ನೆಲಕ್ಕಿಟ್ಟು, ಅಪ್ಪನ ಅಂಗಾಲು ಸವೆಸಿದ ಜಾಗದ ಮೇಲೆ ಅಂಗೈ ಊರಿ ಒತ್ತಿದಳು.

"ಎಲ್ಲಾರೂ ಇಳಿದ್ರಪ್ಪಾ," ಎಂದಳು. "ಇನ್ನ ಕಾಲು ತೆಗಿ."

ಹೊರಗೆ ಗುಜರಿಯವನು ಎರಡು ಸಲ ಕೂಗಿದ. ಅಪ್ಪನಿಗೆ ಕಾಲು ತೆಗಿ ಎಂದವಳು ತನ್ನ ಕೈ ತೆಗೆಯಲೇ ಇಲ್ಲ.