ಕ್ಯಾಲೆಂಡರಿನ ಹೆಲ್ಮೆಟ್

“ಅಳು. ಆದರ ಭಾಳ ಅಳಬ್ಯಾಡ. ಹೆಂಗ ನಿಂತೀ ನೋಡು, ಹೆಣಾ ನಿಂತಂಗ,” ಎಂದ ಮ್ಯಾನೇಜರ್ ಶಿವನಪ್ಪ.

ನನಗೆ ಅಳು ಬರುತ್ತಲೂ ಇರಲಿಲ್ಲ.

ರೋಣದ ಜಿನ್ನಿಂಗ್ ಮಿಲ್ಲಿನ ಅಂಗಳದಲ್ಲಿ ಶಾಮಿಯಾನ ಹಾಕಿದ್ದರು. ಹತ್ತಿ ಕೊಳ್ಳುವ ಹೊರದೇಶದ ಕಂಪನಿಯವರು ಬರುವವರಿದ್ದರು. ವೇದಿಕೆಯ ಹಿಂದೆ ಮಿಲ್ಲಿನ ಈ ವರ್ಷದ ಕ್ಯಾಲೆಂಡರ್ ಚಿತ್ರ, ಗೋಡೆಯಷ್ಟು ದೊಡ್ಡದು: ಹಳದಿ ಹೆಲ್ಮೆಟ್ ತೊಟ್ಟು ನಗುವ ನನ್ನ ಗಂಡ ದ್ಯಾಮೇಶ. ಗಜೇಂದ್ರಗಡದ ಬಸ್ ಸ್ಟ್ಯಾಂಡಿನ ಚಹಾದಂಗಡಿಯಲ್ಲೂ ಅದೇ ನೇತಾಡುತ್ತದೆ.

ಫೋಟೊ ತೆಗೆದ ಕೂಡಲೇ ಹೆಲ್ಮೆಟ್ ಬಿಚ್ಚಿಸಿಕೊಂಡಿದ್ದರು. ಮಿಲ್ಲಿನ ಹೆಲ್ಮೆಟ್ಟುಗಳು ಇರುವುದೇ ಹೊರಗಿನವರು ಬಂದ ದಿನಕ್ಕೆ. ಕಾರು ಹೋದ ಮೇಲೆ ಶಿವನಪ್ಪ ಎಲ್ಲವನ್ನೂ ಒರೆಸಿ ಕಪಾಟಿನಲ್ಲಿಟ್ಟು ಬೀಗ ಹಾಕುತ್ತಾನೆ. ಒತ್ತಿ ಕಟ್ಟಿದ ಹತ್ತಿಯ ಬೇಲು ಎತ್ತುವ ಕೊಕ್ಕೆ ಕಳಚಿ ತಲೆಯ ಮೇಲೆ ಬಿದ್ದು ದ್ಯಾಮೇಶ ಸತ್ತಾಗಲೂ ಅವು ಕಪಾಟಿನಲ್ಲೇ ಇದ್ದವು.

ಗಂಡ ಹೆಲ್ಮೆಟ್ ಹಾಕಿಕೊಳ್ಳಲು ಮರೆತಿದ್ದನೆಂದು ಅತಿಥಿಗಳ ಮುಂದೆ ನಾನು ಹೇಳಬೇಕಿತ್ತು. ಹೇಳಿದರೆ ಆಫೀಸಿನಲ್ಲಿ ನೌಕರಿ. ಇಲ್ಲವಾದರೆ ಗೇಟು ಕಾಯುವ ಮಾವ ಪರಶಪ್ಪನವರ ಕೆಲಸವೂ ಹೋಗುತ್ತದೆ.

“ಧಾರವಾಡದಾಗ ಎಂ.ಕಾಂ. ಮಾಡಿ ಬಂದೀಯವಾ,” ಎಂದ ಮಿಲ್ಲಿನ ಸಾಹುಕಾರ ಕೊಟ್ರೇಶ. “ಧಂದೆದಾಗ ಹೆಸರಂದ್ರ ಏನಂತ ನಿನಗ ನಾ ಹೇಳಬೇಕೇನು?”

ಬೇಕಿರಲಿಲ್ಲ. ಹೆಸರೂ ಬಂಡವಾಳವೇ ಎಂದು ಪರೀಕ್ಷೆಯಲ್ಲಿ ಬರೆದವಳು ನಾನು.

“ತಪ್ಪೆಲ್ಲಾ ಸತ್ತಾಂವನ ತಲೀಮ್ಯಾಲ ಹಾಕ್ತಾರ, ಸೂಳಿಮಕ್ಳು,” ಎಂದು ಹತ್ತಿ ಆರಿಸುವ ಮಾನವ್ವ ಹಿಂದಿನಿಂದ ಗೊಣಗಿದಳು.

ಅತಿಥಿಗಳು ಬಂದು ಕೂತರು. ನನಗೂ ಒಂದು ಹೆಲ್ಮೆಟ್ ತೊಡಿಸಿ ಮೈಕು ಕೊಟ್ಟರು. ನಾನು ಅತಿಥಿಗಳನ್ನು ನೋಡಲಿಲ್ಲ, ಹೆಲ್ಮೆಟ್ ತೊಟ್ಟು ನಿಂತ ಆಳುಗಳನ್ನು ನೋಡಿದೆ.

“ಇವತ್ತ ಇವರು ಹೋದ ಮ್ಯಾಲ ಯಾರೂ ಹೆಲ್ಮೆಟ್ ಬಿಚ್ಚಬ್ಯಾಡ್ರಿ.”

ಕೊಟ್ರೇಶನ ಮುಖ ಬಿಳಿಚಿತು. ಆದರೂ ನಗುತ್ತಲೇ ಇಂಗ್ಲಿಷಿನಲ್ಲಿ, ಎಲ್ಲರೂ ಸುರಕ್ಷಿತವಾಗಿರಿ ಎಂದು ಈ ತಾಯಿ ಬೇಡುತ್ತಿದ್ದಾಳೆ ಎಂದ. ಅತಿಥಿಗಳು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅವನೂ ತಟ್ಟಬೇಕಾಯಿತು.

ಅತಿಥಿಗಳು ಕಾರು ಹತ್ತಿದ್ದೇ ತಡ, ಶಿವನಪ್ಪ ಹೆಲ್ಮೆಟ್ ತುಂಬುವ ಚೀಲ ಹಿಡಿದು ಬಂದ. ಮೊದಲು ಕೈ ಹಾಕಿದ್ದು ಮಾನವ್ವನ ತಲೆಗೆ.

“ಕೈ ತಗಿಯೋ ಭಾಡ್ಯಾ. ಸಾವಕಾರ್ರೂ ಚಪ್ಪಾಳಿ ಹೊಡದಾರ. ಬಿಚ್ಚಂಗಿಲ್ಲ.”

ಯಾರೂ ಬಿಚ್ಚಲಿಲ್ಲ. ಶಿವನಪ್ಪ ಗೇಟಿನ ಕಡೆ ನೋಡಿದ. ಕಾರು ಇನ್ನೂ ಒಳಗೇ ನಿಂತಿತ್ತು. ಕಿಟಕಿಯ ಗಾಜು ಕೆಳಗಿಳಿಯುತ್ತಿತ್ತು. ಮಾವ ಗೇಟಿನ ಬೀಗದ ಕೈ ಹುಡುಕುತ್ತಿದ್ದರು. ಅದು ಯಾವಾಗಲೂ ಅವರ ಸೊಂಟದ ಉಡದಾರದಲ್ಲೇ ಇರುತ್ತದೆ.

ನಾನು ಗದ್ದದ ಕೆಳಗಿನ ಪಟ್ಟಿಯನ್ನು ಇನ್ನಷ್ಟು ಬಿಗಿದುಕೊಂಡೆ.