ಸೊನ್ನೆಗೆ ತಿರುಗಿದ ಮೀಟರು

ದೀಪ ನಡುಗತೊಡಗಿ ನಾಲ್ಕು ದಿನವಾಗಿತ್ತು. ಎಗ್ಮೋರ್ ಸ್ಟೇಷನ್ನಿನ ಹಿಂದಿನ ಗಲ್ಲಿಯ ಪುಟ್ಟ ಲ್ಯಾಬಿನಲ್ಲಿ ರತ್ನಾವತಿ ಮೈಕ್ರೋಸ್ಕೋಪಿಗೆ ಕಣ್ಣಿಟ್ಟರೆ, ಬಣ್ಣ ಹಾಕಿದ ಕಫದಲ್ಲಿ ಕ್ಷಯದ ಕ್ರಿಮಿಗಳು ಹಳದಿಯಾಗಿ ಹೊಳೆದು ಮರುಗಳಿಗೆ ಮಾಯವಾಗುತ್ತಿದ್ದವು. ಹಾಗೆ ಹೊಳೆಯಲು ಬಲವಾದ ಬೆಳಕು ಬೇಕು. ಅದನ್ನು ಕೊಡುವುದು ಹಿಂದಿನ ಪೆಟ್ಟಿಗೆಯೊಳಗಿನ ಪಾದರಸದ ದೀಪ. ಬೆರಳುದ್ದದ ಗಾಜು, ಉರಿಯುವಾಗ ಒಳಗೆ ಭಾರಿ ಒತ್ತಡ. ಇನ್ನೂರು ಗಂಟೆ ಉರಿದ ಮೇಲೆ ಬದಲಿಸಿ ಎಂದು ಡಬ್ಬದ ಮೇಲೆಯೇ ಬರೆದಿತ್ತು. ಉರಿದ ಗಂಟೆ ಎಣಿಸುವ ಮೀಟರು ಮುನ್ನೂರ ಹತ್ತು ತೋರಿಸುತ್ತಿತ್ತು.

ರತ್ನಾವತಿಗೆ ಕುಳಿತಲ್ಲಿ ಕೂರಲಾಗುತ್ತಿರಲಿಲ್ಲ. ಕಾಸಿಮೇಡಿನಿಂದ ಬಸ್ಸು ಹಿಡಿದು ಬರುವ ಸರಸಕ್ಕ ದಿನಾ ಇದೇ ಮೇಜಿನ ಕೆಳಗೆ ಮಂಡಿಯೂರಿ ಬರಿಗೈಯಲ್ಲಿ ನೆಲ ಒರೆಸುತ್ತಾಳೆ. ಗಾಜು ಸಿಡಿದರೆ ಪಾದರಸದ ಆವಿ ಅವಳ ಎದೆಗೇ ಇಳಿಯುತ್ತದೆ.

ಲ್ಯಾಬಿನ ಒಡೆಯ ಹರಿದಾಸರು, ಮೂರು ತಲೆಮಾರಿನಿಂದ ಮದರಾಸಿನವರು. ಕೋಣೆ ಬಿಡುವಾಗ ಲೈಟು ಆರಿಸಬೇಕೆಂಬುದು ಅವರ ಮನೆಯ ಶಿಸ್ತು. ರತ್ನಾವತಿ ಕಾಫಿಗೆ ಎದ್ದರೂ ದೀಪ ಆರಿಸುವರು, ಅವಳು ಬಂದೊಡನೆ ಬಿಸಿ ದೀಪವನ್ನೇ ಮತ್ತೆ ಹೊತ್ತಿಸುವರು. ಹೊತ್ತಿಸಿದರೆ ಅರ್ಧ ಗಂಟೆ ಉರಿಯಬೇಕು, ಆರಿಸಿದರೆ ಅರ್ಧ ಗಂಟೆ ತಣಿಯಬೇಕು ಎಂದು ಅವಳು ಹೇಳಿ ಹೇಳಿ ಸೋತಿದ್ದಳು.

"ಸರ್, ಮೀಟರ್ ಒಮ್ಮೆ ನೋಡಿ. ದೀಪ ಬದಲಾಯಿಸ್ಲೇಬೇಕು."

ಹರಿದಾಸರು ಬಗ್ಗಿ ನೋಡಿದರು. ಒಂದು ಗುಂಡಿ ಒತ್ತಿದರು. ಮೀಟರು ಸೊನ್ನೆಗೆ ಬಂತು.

"ಈಗ ಸರಿಹೋಯ್ತಲ್ಲಮ್ಮಾ? ಉರೀತಾ ಇರೋದನ್ನ ಯಾರಾದ್ರೂ ಬಿಸಾಕ್ತಾರಾ? ನಿನ್ನ ಗಂಡ ಹೋಟ್ಲಲ್ಲಿ ಕಾದ ದೋಸೆಕಲ್ಲು ಎಸೀತಾನಾ?"

"ದೋಸೆಕಲ್ಲು ಸಿಡಿಯೂದಿಲ್ಲ ಸರ್. ಮೀಟರಿಗೆ ಸುಳ್ಳು ಹೇಳ್ಲಿಕ್ಕೆ ಆಗ್ತದೆ, ಗಾಜಿಗೆ ಆಗೂದಿಲ್ಲ."

ಶುಕ್ರವಾರ ಕಾಫಿ ಮುಗಿಸಿ ಬಂದ ಹರಿದಾಸರು ಎಂದಿನಂತೆ ಬಿಸಿ ದೀಪದ ಸ್ವಿಚ್ಚು ಒತ್ತಿದರು. ಪೆಟ್ಟಿಗೆಯೊಳಗೆ ಫಟ್ಟೆಂದಿತು. ರತ್ನಾವತಿ ಉಸಿರು ಬಿಗಿಹಿಡಿದು ದೀಪದ ಕರೆಂಟು ತೆಗೆದಳು, ಏಸಿ ನಿಲ್ಲಿಸಿದಳು, ಹೊರಕ್ಕೆ ಗಾಳಿ ದೂಡುವ ಫ್ಯಾನು ಹಾಕಿದಳು, ಒಡೆಯನ ತೋಳು ಹಿಡಿದು ಹೊರಗೆಳೆದು ಬಾಗಿಲು ಮುಚ್ಚಿದಳು.

ಹರಿದಾಸರು ಕೂಗಿದ್ದು ಸರಸಕ್ಕನನ್ನು. ಅವಳಾಗಲೇ ಸೆರಗು ಸಿಕ್ಕಿಸಿ ಪೊರಕೆ ಹಿಡಿದು ಬಂದಿದ್ದಳು. ಗಾಜಿಗೆಲ್ಲ ಇಷ್ಟು ಗಲಾಟೆಯೇ ಎಂದು ತಮಿಳಿನಲ್ಲಿ ನಗುತ್ತ ಬಾಗಿಲಿಗೆ ಕೈಹಾಕಿದಳು. ರತ್ನಾವತಿ ಅಡ್ಡ ನಿಂತಳು.

"ಅರ್ಧ ಗಂಟೆಯಾದ್ರೂ ಒಳಗೆ ಯಾರೂ ಹೋಗೂದು ಬೇಡ. ಪೊರಕೆ ಆಡಿಸಿದ್ರೆ ಪಾದರಸ ಇನ್ನೂ ಹರಡ್ತದೆ."

"ಒಂದು ನಿಮಿಷದ ಕೆಲಸಮ್ಮಾ, ಪೇಷೆಂಟ್ಸ್ ಕಾಯ್ತಿದಾರೆ," ಎಂದರು ಹರಿದಾಸರು.

ಶನಿವಾರಗಳಂದು ಮೈಕ್ರೋಸ್ಕೋಪಿನ ಮುಂದಿನ ಸ್ಟೂಲಿನ ಮೇಲೆ ಕೂರುವುದು ಹರಿದಾಸರ ಮಗಳು ಮಾನ್ಯಾ.

"ಇವತ್ತು ಶನಿವಾರ ಆಗಿದ್ರೆ, ಮಾನ್ಯಾಳ ಕೈಗೆ ಈ ಪೊರಕೆ ಕೊಟ್ಟು ಕಳಿಸ್ತಿದ್ರಾ ಸರ್?"

ಹರಿದಾಸರು ಮುಚ್ಚಿದ ಬಾಗಿಲನ್ನೇ ನೋಡಿದರು. ಆಮೇಲೆ ಸರಸಕ್ಕನ ಕೈಯಿಂದ ತಾವೇ ಪೊರಕೆ ತೆಗೆದು ಗೋಡೆಗೆ ಒರಗಿಸಿದರು.

ಗಾಳಿ ಚೆನ್ನಾಗಿ ಆಡಿದ ಮೇಲೆ ರತ್ನಾವತಿ ಮಾಸ್ಕು, ಗ್ಲೌಸು ಹಾಕಿಕೊಂಡು ಒಳಹೋದಳು. ಚೂರು, ಹನಿಗಳನ್ನು ದಪ್ಪ ಕಾಗದದಿಂದ ಒಟ್ಟುಮಾಡಿ, ಉಳಿದದ್ದನ್ನು ಅಂಟುಪಟ್ಟಿಯಿಂದ ಎತ್ತಿ, ಬಿಗಿ ಮುಚ್ಚಳದ ಡಬ್ಬಕ್ಕೆ ತುಂಬಿದಳು. ಡಬ್ಬ ಕಸದ ತೊಟ್ಟಿಗೆ ಹೋಗಲಿಲ್ಲ. ಅಪಾಯಕಾರಿ ತ್ಯಾಜ್ಯ ಒಯ್ಯುವವರಿಗೆ ಹೋಯಿತು.

ಮುಂದಿನ ವಾರ ಎಲ್ಇಡಿ ದೀಪ ಬಂತು. ಅದರಲ್ಲಿ ಪಾದರಸವಿಲ್ಲ. ಕಾಫಿಗೆ ಹೋಗುವಾಗ ಇದನ್ನಾದರೂ ಆರಿಸಬಹುದೋ ಎಂದು ಸರಸಕ್ಕ ಕೆಣಕಿದಾಗ, ಹರಿದಾಸರು ರತ್ನಾವತಿಯ ಮುಖ ನೋಡಿ, ಅವಳು ತಲೆಯಾಡಿಸಿದ ಮೇಲೆಯೇ ಆರಿಸಿದರು.

ಲ್ಯಾಬಿನವರೇ, ನಿಮ್ಮ ಮೀಟರು ಎಷ್ಟು ತೋರಿಸುತ್ತಿದೆ? ಇವತ್ತೇ ನೋಡಿ. ಗಂಟೆ ಮುಗಿದ ದೀಪವನ್ನು ತೆಗೆಯಿರಿ, ಸಾಧ್ಯವಾದರೆ ಎಲ್ಇಡಿ ಹಾಕಿಸಿ. ಗುಡಿಸುವ ಅಕ್ಕಂದಿರೇ, ಒಳಗೆ ಒಡೆದದ್ದೇನೆಂದು ಕೇಳದೆ ಬಾಗಿಲು ದಾಟಬೇಡಿ. ಕೇಳುವುದು ನಿಮ್ಮ ಹಕ್ಕು. ಉತ್ತರ ಸಿಗುವ ತನಕ ಪೊರಕೆ ಗೋಡೆಗೇ ಒರಗಿರಲಿ.